ದಾಜಿಯ ಕಣ್ಣು, ದಾಜಿಯ ಬಿಪಿ

ನಮ್ಮ ಕಡೆ ಯಾರಿಗೆ ಏನೇ ಆಗಲಿ, ಮೊದಲು ಸಿಗುವ ಔಷಧ ಒಂದೇ: "ಟೆನ್ಶನ್ ತೊಗೋಬ್ಯಾಡ್ರಿ." ಹೊಟ್ಟೆ ಉರಿದರೂ ಅದೇ, ನಿದ್ದೆ ಬರದಿದ್ದರೂ ಅದೇ, ಕೂದಲು ಉದುರಿದರೂ ಅದೇ. ಕೊಡುವವರು ಧಾರಾಳವಾಗಿ ಕೊಡುತ್ತಾರೆ. ಅದರಿಂದ ಗುಣವಾದವರನ್ನು ನಾನಿನ್ನೂ ಕಂಡಿಲ್ಲ. ಅದರಿಂದಲೇ ರೋಗ ಹೆಚ್ಚಾದವರನ್ನು ಮಾತ್ರ ಮೇಲಿಂದ ಮೇಲೆ ಕಾಣುತ್ತಿರುತ್ತೇನೆ. ಹೋದ ವರ್ಷವಂತೂ ಎಲ್ಲ ಪ್ರಯೋಗಗಳೂ ಒಬ್ಬರ ಮೇಲೆಯೇ ನಡೆದವು.

ನಾನು ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನನ್ನ ಪರಿಣತಿ ಕಪ್ಪೆಯ ಹೃದಯದವರೆಗೆ ಮಾತ್ರ. ಆದರೆ ನಮ್ಮ ಮಂದಿಯ ಪ್ರಕಾರ ಎಂ.ಎಸ್ಸಿ. ಅಂದರೆ ಅರ್ಧ ಡಾಕ್ಟರ್, ಅದೂ ಫೀ ಕೇಳದ ಅರ್ಧ. ಹಾಗಾಗಿ ಇಚಲಕರಂಜಿಯ ದಾಜಿಯ ಕೇಸು ನನ್ನ ಪಾಲಿಗೆ ಬಂತು. ಅಕ್ಕನ ಗಂಡನಿಗೆ ನಮ್ಮಲ್ಲಿ ದಾಜಿ ಅನ್ನುತ್ತೇವೆ.

ದಾಜಿಯದು ಹನ್ನೆರಡು ವಿದ್ಯುತ್ ಮಗ್ಗಗಳ ಶೆಡ್ಡು. ಕೆಳಗೆ ಮಗ್ಗ, ಮೇಲೆ ಮನೆ. ನೇಯ್ದ ಬಟ್ಟೆಯ ಒಂದೊಂದು ತಾಗಾವನ್ನೂ, ಅಂದರೆ ಇಡೀ ಸುರುಳಿಯನ್ನು, ದಾಜಿ ಕಿಟಕಿಯ ಬೆಳಕಿಗೆ ಹಿಡಿದು ಮೊಳ ಮೊಳವಾಗಿ ಎಳೆದು ನೋಡಿದ ಮೇಲೆಯೇ ಅದು ಶೆಡ್ಡು ಬಿಡುವುದು. ಒಂದು ಎಳೆ ತಪ್ಪಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಮೂವತ್ತು ವರ್ಷ ತೂತು ಹುಡುಕಿದ ಆ ಕಣ್ಣಿಗೆ ಪೊರೆ ಬಂತು. ಎರಡಕ್ಕೂ ಬಂತು, ಬಲಗಣ್ಣಿಗೆ ಹೆಚ್ಚು. ದಾಜಿ ಯಾರಿಗೂ ಹೇಳಲಿಲ್ಲ. ಮೊದಲಿನಂತೆಯೇ ಕಿಟಕಿಯ ಹತ್ತಿರ ನಿಂತು, ಬೆರಳಿನಿಂದ ಬಟ್ಟೆ ಸವರಿ, "ಚಲೋ ಐತಿ, ಕಳಸು" ಅನ್ನುತ್ತಿದ್ದರು.

ಒಂದು ದಿನ ಅವರು "ಚಲೋ ಐತಿ" ಅಂದ ಬಟ್ಟೆಯೊಂದನ್ನು ಅಕ್ಕ ಎತ್ತಿಕೊಂಡು, ಅದರ ತೂತಿನೊಳಗಿಂದ ಅವರನ್ನೇ ನೋಡಿದಳು. ಆಪರೇಶನ್ ನಿಶ್ಚಯವಾಯಿತು.

ಹನ್ನೊಂದು ಮಂದಿಯ ಧೈರ್ಯ

ಆಪರೇಶನ್ ಕೊಲ್ಹಾಪುರದಲ್ಲಿ. ರೋಗಿ ಒಬ್ಬರು, ಧೈರ್ಯ ಹೇಳಲು ಬಂದವರು ಹನ್ನೊಂದು. ಒಂದು ಟ್ರ್ಯಾಕ್ಸ್ ಜೀಪು ತುಂಬ ಧೈರ್ಯ.

ಇಚಲಕರಂಜಿಯಿಂದ ಕೊಲ್ಹಾಪುರದವರೆಗೆ ಸರದಿಯ ಮೇಲೆ ಸಮಾಧಾನ ನಡೆಯಿತು. ಉದಗಾಂವದಿಂದ ಬಂದಿದ್ದ ಅತ್ತಿ, ದಾಜಿಯ ಸೋದರತ್ತೆ, ಎಲ್ಲರಿಗಿಂತ ಚೆನ್ನಾಗಿ ಸಮಾಧಾನ ಮಾಡಿದರು.

"ಏನೂ ಆಗೂದಿಲ್ಲೋ ತಮ್ಮಾ. ನಮ್ಮ ಊರಾಗ ಒಬ್ಬವಂದು ಕಣ್ಣು ಹೋತು ಖರೆ, ಆದ್ರ ಅಂವಗ ಸಕ್ಕರಿ ಇತ್ತು."

"ನನಗೂ ಸ್ವಲ್ಪ ಐತಿ ಅತ್ತಿ."

"ಅಂವಂದೂ ಸ್ವಲ್ಪs ಇತ್ತು."

ಆಸ್ಪತ್ರೆಯಲ್ಲಿ ದಾಜಿಯನ್ನು ಮಲಗಿಸಿ ಬಿಪಿ ನೋಡಿದರು. ನೂರಾ ತೊಂಬತ್ತು, ನೂರಾ ಹತ್ತು. ಡಾಕ್ಟರ್ ಮ್ಯಾಡಮ್ ನಿಪ್ಪಾಣಿ ಕಡೆಯವರು, ಕನ್ನಡದವರು. ಹೊರಗೆ ಬಂದು ನಮ್ಮ ಹನ್ನೊಂದು ಮಂದಿಯನ್ನೂ ಒಮ್ಮೆ ನೋಡಿದರು. ರೋಗದ ಕಾರಣ ಅವರಿಗೆ ಅಲ್ಲಿಯೇ ಹೊಳೆದಿರಬೇಕು.

"ಇಷ್ಟು ಬಿಪಿ ಇದ್ದಾಗ ನಾ ಕಣ್ಣಿಗೆ ಕೈ ಹಚ್ಚೂದಿಲ್ಲ," ಅಂದರು. "ಒಳಗ ರಕ್ತ ಒಡೀತಂದ್ರ ಇದ್ದ ದೃಷ್ಟೀನೂ ಹೋಗ್ತೈತಿ. ಗುಳಿಗಿ ಬರೀತೇನಿ, ಹದಿನೈದು ದಿವಸ ಬಿಟ್ಟು ಬರ್ರಿ."

ಹದಿನೈದು ದಿನ ಬಿಟ್ಟು ಹೋದೆವು. ಈ ಸಲ ಏಳೇ ಮಂದಿ. ಹೊರಡುವ ಮೊದಲು ಊರ ದವಾಖಾನೆಯಲ್ಲಿ ನೂರಾ ನಲವತ್ತೆಂಟು ಇದ್ದ ಬಿಪಿ, ಆಪರೇಶನ್ ಟೇಬಲಿನ ಮೇಲೆ ನೂರಾ ಎಂಬತ್ತನಾಲ್ಕಕ್ಕೆ ಹೋಯಿತು.

"ಗುಳಿಗಿ ಅರ್ಧಾ ಕೆಲಸ ಮಾಡಾಕತ್ತೈತಿ," ಅಂದರು ಮ್ಯಾಡಮ್. "ಉಳದರ್ಧಾ ಇವರ ಮನಸ್ಸಿನಾಗ ಐತಿ. ಅದನ್ನ ನೀವು ಇಳಸ್ರಿ. ಆದ್ರ ಭಾಳ ತಡಾ ಮಾಡಬ್ಯಾಡ್ರಿ, ಪೊರೆ ಗಟ್ಟಿ ಆಕೋಂತ ಹೊಂಟೈತಿ. ಎರಡು ತಿಂಗಳ ದಾಟಿದ್ರ ನನಗೂ ತ್ರಾಸ, ಅವರಿಗೂ ತ್ರಾಸ."

ಎರಡು ತಿಂಗಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಪ್ಪೆಗಳನ್ನು ನೆನೆದೆ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ದಾಜಿ ನನ್ನ ತೋಳು ಹಿಡಿದಿದ್ದರು. ಕೊನೆಯ ಮೆಟ್ಟಿಲು ಅವರಿಗೆ ಕಾಣಲಿಲ್ಲ, ಎಡವಿದರು. ಸಾವರಿಸಿಕೊಂಡು ಹೇಳಿದರು:

"ನೋಡ್ರಿ ಪ್ರೊಫೆಸರಬಾಯಿ, ಕಣ್ಣಿಗಿ ಅಂತ ಎರಡು ಸಲ ಬಂದ್ನಿ. ಎರಡೂ ಸಲ ತೋಳಿಗಿ ಪಟ್ಟಿ ಕಟ್ಟಿ ಕಳಿಸಿದ್ರು. ಮುಂದಿನ ಸಲ ಕಾಲಿಗಿ ಕಟ್ತಾರೇನೊ."

ಮಷಿನು

ಅಕ್ಕ ಬಿಪಿ ನೋಡುವ ಮಷಿನು ತಂದಳು. ದಿನಕ್ಕೆ ಎರಡು ಸಲ ಸಾಕು ಅಂತ ನಾನು ಹೇಳಿದ್ದೆ. ಅಕ್ಕ ಹನ್ನೊಂದು ಸಲ ನೋಡಿದಳು. ಏಳುತ್ತಲೇ, ಹಲ್ಲುಜ್ಜಿದ ಮೇಲೆ, ಚಹಾದ ಮೊದಲು, ಚಹಾದ ನಂತರ, ಬಸದಿಯಿಂದ ಬಂದ ಮೇಲೆ. ಪ್ರತಿ ಸಲ ಪಟ್ಟಿ ಸುತ್ತುತ್ತಾ ಒಂದೇ ಪ್ರಶ್ನೆ:

"ಟೆನ್ಶನ್ ಬಿಟ್ರೇನು?"

"ಬಿಟ್ನೆ."

"ಮತ್ತ ಇದ್ಯಾಕ ಇಷ್ಟು ತೋರಸಾಕತ್ತೈತಿ? ಸುಳ್ಳ ಹೇಳಬ್ಯಾಡ್ರಿ."

ಮೂರನೇ ದಿನಕ್ಕೆ ಪಟ್ಟಿಯ ಟರ್ ಅನ್ನುವ ಸದ್ದು ಕೇಳಿದರೆ ಸಾಕು, ದಾಜಿಯ ಎದೆ ಬಡಿದುಕೊಳ್ಳುತ್ತಿತ್ತು. ಅಕ್ಕ ಮಷಿನು ನೋಡಿ ಗಾಬರಿಯಾಗುವಳು, ದಾಜಿ ಅಕ್ಕನ ಮುಖ ನೋಡಿ ಗಾಬರಿಯಾಗುವರು, ಮಷಿನು ಇಬ್ಬರ ನಡುವೆ ಮೇಲೇರುವುದು.

ಅಷ್ಟರಲ್ಲಿ ಮಷಿನಿನ ಸುದ್ದಿ ಗಲ್ಲಿ ತುಂಬಾ ಹಬ್ಬಿ, ಮಧ್ಯಾಹ್ನ ಊಟವಾದ ಮೇಲೆ ಮಂದಿ ತಮ್ಮ ಬಿಪಿ ನೋಡಿಸಲು ಸಾಲು ಹಚ್ಚತೊಡಗಿದರು. ನಮ್ಮ ಮಂದಿ ಬಿಪಿಯನ್ನು ಪರೀಕ್ಷೆಯ ಮಾರ್ಕಿನಂತೆ ನೋಡುತ್ತಾರೆ. ಎದುರುಮನೆಯವರು ತಮ್ಮದು ನೂರಾ ಅರವತ್ತು ಅಂತ ಕೇಳಿ ಎದೆ ಉಬ್ಬಿಸಿಕೊಂಡು ಹೋದರು. ಅವರ ತಮ್ಮನದು ನೂರಾ ಹದಿನೆಂಟು ಬಂತು. ಪಾಪ, ತಲೆ ತಗ್ಗಿಸಿ ಹೋದ. "ಅಂವಗೇನು ಬಿಡ್ರಿ, ಕೆಲಸಿಲ್ಲ ಬೊಗಸಿಲ್ಲ," ಅಂದರು ಸಾಲಿನಲ್ಲಿದ್ದವರು.

ರವಿವಾರ ನಾನು ಹೋದೆ. ದಾಜಿಯದು ನೂರಾ ಅರವತ್ತಾರು ಇತ್ತು. ನನಗೊಂದು ಸಂಶಯ ಬಂತು.

"ಅಕ್ಕಾ, ನಿಂದು ನೋಡಿಯೇನು?"

"ನನಗೇನಾಗೈತಿ? ನಾ ಟೆನ್ಶನ್ ತೊಗೊಳ್ಳಾಕಿ ಅಲ್ಲ."

ಪಟ್ಟಿ ಸುತ್ತಿದೆ. ಅಕ್ಕನದು ನೂರಾ ಎಪ್ಪತ್ತೆರಡು. ಅಕ್ಕ ಮಷಿನನ್ನು ಎತ್ತಿ ಒಮ್ಮೆ ಅಲ್ಲಾಡಿಸಿದಳು, ತಿರುಗಿಸಿ ಬುಡ ನೋಡಿದಳು.

"ಹತ್ತ ದಿವಸದಾಗ ಕೆಟ್ಟಿತು ನೋಡು," ಅಂದಳು. "ಸುಳ್ಳs ಮೂರು ಹಪ್ಪಳಾ ಬಿಡಿಸಿದ್ನಿ ಅವರಿಗೆ."

ಬಿಡಬೇಕಾದ್ದರ ಪಟ್ಟಿ

ಹಪ್ಪಳದ ಕಥೆ ಹೇಳಬೇಕು. ಡಾಕ್ಟರ್ ಮ್ಯಾಡಮ್ ಬಿಡಬೇಕಾದ್ದರ ಪಟ್ಟಿಯೊಂದನ್ನು ಕೊಟ್ಟಿದ್ದರು. ಅದನ್ನು ಓದುವ ಕೆಲಸ ನನ್ನದು.

"ಸಿಗರೇಟು," ಅಂದೆ.

"ಸೇದೂದಿಲ್ಲ," ಅಂದರು ದಾಜಿ.

"ಸೆರೆ."

"ಅದರ ಮಾತs ಬಿಡ್ರಿ, ನಮ್ಮ ಮನಿಯಾಗ ಯಾರೂ ವಾಸನೀನೂ ನೋಡಿಲ್ಲ."

"ಮಾಂಸ."

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ನಾನೂ ಜೈನರ ಮನೆಯಲ್ಲೇ ಹುಟ್ಟಿದವಳು ಅನ್ನುವುದನ್ನು ಮರೆತಿದ್ದೆನೇನೋ ಅನ್ನುವ ಹಾಗೆ.

"ತಡಾ ಆಗಿ ಊಟಾ ಮಾಡೂದು."

"ಹೊತ್ತು ಮುಳುಗಿದ ಮ್ಯಾಲೆ ನೀರೂ ಕುಡೀದವ ನಾ. ಬಿಡಾಕ ನನ್ನ ಹತ್ರ ಏನೈತ್ರಿ? ಇರೂದು ಒಂದು ಹಪ್ಪಳ."

ದುರದೃಷ್ಟಕ್ಕೆ ಪಟ್ಟಿಯ ಕೊನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಎರಡೂ ಇದ್ದವು. ಅವುಗಳಲ್ಲಿ ಉಪ್ಪಿರುತ್ತದೆ, ಉಪ್ಪು ಬಿಪಿ ಏರಿಸುತ್ತದೆ. ದಾಜಿಯ ಜೀವನದಲ್ಲಿ ಇದ್ದ ಒಂದೇ ಚಟವನ್ನು ವಿಜ್ಞಾನ ಕಸಿದುಕೊಂಡಿತ್ತು.

ಸಮಾಧಾನಕ್ಕೆ ನಾನು ಕ್ಲಾಸು ತೆಗೆದುಕೊಂಡೆ. ಒತ್ತಡ ಅಂದರೆ ಏನು ಅಂತ ನಮ್ಮ ಕಡೆಯ ಉದಾಹರಣೆ ಕೊಟ್ಟು ವಿವರಿಸಿದೆ. ಆಜರಾದ ಕಾಡಿನಲ್ಲಿ ಹೋಗುತ್ತಿದ್ದೀರಿ, ಎದುರಿಗೆ ಕಾಡುಕೋಣ ಬಂತು ಅನ್ನಿ. ದೇಹ ಓಡಲು ಸಿದ್ಧವಾಗುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತನಾಳ ಬಿಗಿಯುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೊಟ್ಟೆ ಕೆಲಸ ನಿಲ್ಲಿಸುತ್ತದೆ. ಐದು ನಿಮಿಷಕ್ಕೆ ಇದು ಒಳ್ಳೆಯದು, ಜೀವ ಉಳಿಸುತ್ತದೆ. ಕೋಣ ಹೋದ ಮೇಲೆ ಎಲ್ಲ ಇಳಿಯಬೇಕು. ಇಳಿಯದೆ ಐದು ವರ್ಷ ಹಾಗೇ ನಿಂತರೆ ಹೃದಯ, ಮೂತ್ರಪಿಂಡ, ನಿದ್ದೆ, ಜೀರ್ಣಶಕ್ತಿ ಎಲ್ಲಕ್ಕೂ ಪೆಟ್ಟು.

ದಾಜಿ ಗಮನವಿಟ್ಟು ಕೇಳಿದರು. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಗಮನ ನಾನು ಕಂಡಿಲ್ಲ.

"ಖರೆ ಹೇಳಿದ್ರಿ," ಅಂದರು. "ಆದ್ರ ಕ್ವಾಣ ಬಂದು ಹೋಗ್ತೈತಿ, ಇಳೀತೈತಿ. ನಮ್ಮ ಜಾಬರ್‌ಂದು ಹಂಗಲ್ಲ."

ಜಾಬರ್ ಅಂದರೆ ಮಗ್ಗ ರಿಪೇರಿ ಮಾಡುವವ, ದಾಜಿಯ ಶೆಡ್ಡಿನ ಬಲಗೈ.

"ಅಂವ ಏನ್ ಮಾಡ್ತಾನ್ರಿ?"

"ಅಂವ ಬರೂದs ಇಲ್ಲ."

ನಗುವ ಮಂದಿ

ಒಂದು ತಿಂಗಳು ಕಳೆದಿತ್ತು. ಮಾತ್ರೆ, ಬೆಳಗಿನ ನಡಿಗೆ, ಹಪ್ಪಳದ ತ್ಯಾಗ ಇವುಗಳಿಂದ ಮನೆಯ ಬಿಪಿ ನೂರಾ ಐವತ್ತಕ್ಕೆ ಬಂದಿತ್ತು. ಆದರೆ ಕೊಲ್ಹಾಪುರದ ಹೆಸರೆತ್ತಿದರೆ ಮತ್ತೆ ನೂರಾ ಎಪ್ಪತ್ತು ದಾಟುತ್ತಿತ್ತು. ಎಡಗಣ್ಣೂ ಮಂಜಾಗತೊಡಗಿತ್ತು. ದಾಜಿ ಈಗ ಕಿಟಕಿಯ ಹತ್ತಿರ ನಿಲ್ಲುವುದನ್ನು ಬಿಟ್ಟು, ಬಟ್ಟೆ ನೋಡುವ ಕೆಲಸವನ್ನು ಜಾಬರನಿಗೇ ವಹಿಸಿದ್ದರು. ನೇಯಿಸುವವನೂ ಅವನೇ, ಪರೀಕ್ಷಿಸುವವನೂ ಅವನೇ. ನಮ್ಮ ಕೆಲವು ವಿಶ್ವವಿದ್ಯಾಲಯಗಳ ಪದ್ಧತಿ.

ಯಾರೋ ನಗುವ ಕ್ಲಬ್ಬಿನ ಸಂಗತಿ ಹೇಳಿದರು. ಕೊಲ್ಹಾಪುರದ ರಂಕಾಳಾ ಕೆರೆಯ ಹತ್ತಿರ ಒಂದು ತೋಟದಲ್ಲಿ ಬೆಳಿಗ್ಗೆ ಇಪ್ಪತ್ತು ಮೂವತ್ತು ಮಂದಿ ಸೇರಿ ಕಾರಣವಿಲ್ಲದೆ ನಗುತ್ತಾರೆ. ಕೊಲ್ಹಾಪುರದ ಭಯವೂ ಹೋಗಲಿ ಅಂತ ನಾನೇ ಕರೆದುಕೊಂಡು ಹೋದೆ.

ಮುಖ್ಯಸ್ಥರು ಬಿಳಿ ಟೋಪಿಯ ನಿವೃತ್ತ ಅಧಿಕಾರಿ. ಕೈ ಮೇಲೆತ್ತಿ, ಉಸಿರು ಎಳೆದು, ಹೋ ಹೋ ಹಾ ಹಾ ಅಂತ ತೋರಿಸಿದರು. ಎಲ್ಲರೂ ಸರಕಾರಿ ಕಚೇರಿಯ ಅಳತೆಯಲ್ಲಿ ನಕ್ಕರು. ಆಮೇಲೆ ದಾಜಿ ನಕ್ಕರು.

ಮೂವತ್ತು ವರ್ಷ ಹನ್ನೆರಡು ಮಗ್ಗಗಳ ಸದ್ದಿನ ಮೇಲೆ ಮಾತಾಡಿದ ಗಂಟಲು ಅದು. ಮಗ್ಗದವರಿಗೆ ಸಣ್ಣ ದನಿ ಅನ್ನುವುದು ಇಲ್ಲ. ಇಚಲಕರಂಜಿಯಲ್ಲಿ ಗಂಡಹೆಂಡಿರ ಗುಟ್ಟೂ ಮೂರನೇ ಮನೆಗೆ ಕೇಳಿಸುತ್ತದೆ. ದಾಜಿ ಹಾ ಅಂದಾಗ ಕೆರೆಯ ದಂಡೆಯ ಬೆಳ್ಳಕ್ಕಿಗಳು ಎದ್ದು ಹಾರಿದವು. ದೂರದಲ್ಲಿ ಓಡುತ್ತಿದ್ದವರೊಬ್ಬರು ನಿಂತರು. ಒಬ್ಬ ಅಜ್ಜಿ ಬೆಂಚಿನ ಮೇಲೆ ಕೂತೇಬಿಟ್ಟರು.

ಮುಖ್ಯಸ್ಥರು ಹತ್ತಿರ ಬಂದು ಮರಾಠಿಯಲ್ಲಿ, ಬಹಳ ವಿನಯದಿಂದ ಹೇಳಿದರು: "ಕಾಕಾ, ತಾವು ನಾಳೆಯಿಂದ ಮನೆಯಲ್ಲೇ ನಗಬೇಕು. ಇಲ್ಲಿ ಹಾರ್ಟ್ ಪೇಶಂಟ್ ಬರುತ್ತಾರೆ."

ಶಾಂತಿ

ಉಳಿದದ್ದು ಮೂರು ವಾರ. ಆಗ ನಾನು ನನ್ನ ಜೀವನದ ಅತ್ಯಂತ ವೈಜ್ಞಾನಿಕ ತಪ್ಪನ್ನು ಮಾಡಿದೆ. ಒತ್ತಡದ ಕಾರಣದಿಂದ ರೋಗಿಯನ್ನು ದೂರ ಇಡಬೇಕು ಅಂತ ಎಲ್ಲ ಪುಸ್ತಕಗಳಲ್ಲೂ ಇದೆ. ಮಗ್ಗದ ಸದ್ದು, ಫೋನು, ಜಾಬರ್ ಈ ಮೂರರಿಂದ ದೂರ ಅಂತ ದಾಜಿಯನ್ನು ಗಡಹಿಂಗ್ಲಜಕ್ಕೆ ನನ್ನ ಮನೆಗೆ ಕರೆತಂದು, ಫೋನು ಕಸಿದುಕೊಂಡು, ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ನನ್ನ ಮನೆ ಊರ ಹೊರಗೆ. ಹಿತ್ತಲಲ್ಲಿ ಒಂದು ಹುಣಸೆಮರ, ಅದರಾಚೆ ಹೊಲ. ಎಲೆ ಬಿದ್ದರೂ ಕೇಳಿಸುವಷ್ಟು ಶಾಂತಿ. ಊರಿನಿಂದ ಬಂದವರೆಲ್ಲ ಈ ಶಾಂತಿಯನ್ನು ಹೊಗಳಿ, ಚಹಾ ಕುಡಿದು, ಬೇಗ ಹೋಗಿಬಿಡುತ್ತಾರೆ.

ಮೊದಲನೇ ದಿನ ದಾಜಿ ಮಧ್ಯಾಹ್ನ ಮಲಗಿದರು. ಹತ್ತು ನಿಮಿಷಕ್ಕೆ ಎದ್ದು ಕೂತರು.

"ಏನಾತ್ರಿ?"

"ಏನೂ ಇಲ್ಲ. ಬಂದ್ ಬಿದ್ದಾವೇನೊ ಅನಿಸ್ತು."

"ಏನು?"

"ಮಗ್ಗ."

"ದಾಜಿ, ಮಗ್ಗ ಇಚಲಕರಂಜ್ಯಾಗ ಅದಾವು. ನೀವು ಗಡಹಿಂಗ್ಲಜದಾಗ ಅದೀರಿ."

"ಅದು ಗೊತ್ತೈತಿ," ಅಂದು ಮಲಗಿದರು. ಮತ್ತೆ ಹತ್ತು ನಿಮಿಷಕ್ಕೆ ಎದ್ದರು. ಎರಡನೇ ದಿನ ಬಿಪಿ ನೂರಾ ಎಪ್ಪತ್ತು. ಮೂರನೇ ದಿನ ನೂರಾ ಎಪ್ಪತ್ತೆಂಟು. ಒತ್ತಡದ ಯಾವ ಕಾರಣವೂ ಇಲ್ಲದ ಜಾಗದಲ್ಲಿ ಒತ್ತಡ ಏರುತ್ತಿತ್ತು. ನಿಧಾನವಾಗಿ ಉಸಿರಾಡುವುದನ್ನು ಹೇಳಿಕೊಟ್ಟೆ: ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ದಾಜಿ ಎಣಿಸುತ್ತಾ ಎಣಿಸುತ್ತಾ ಹನ್ನೆರಡರವರೆಗೆ ಹೋಗಿ ನಿಲ್ಲಿಸುತ್ತಿದ್ದರು. ಯಾಕೆ ಅಂತ ಕೇಳಿದೆ. "ನಮ್ಮವು ಹನ್ನೆರಡs ಅಲ್ಲೇನ್ರಿ," ಅಂದರು.

ನಾಲ್ಕನೇ ದಿನ ಬೆಳಿಗ್ಗೆ, ಕೈಗೊಂದು ಕೆಲಸ ಇರಲಿ ಅಂತ, ಜೋಳದ ಡಬ್ಬಿ ಕೊಟ್ಟು ಊರೊಳಗಿನ ಹಿಟ್ಟಿನ ಗಿರಣಿಗೆ ಕಳಿಸಿದೆ. ಹತ್ತು ನಿಮಿಷದ ದಾರಿ, ನೇರ ರಸ್ತೆ, ಕಣ್ಣು ಮಂಜಾದವರೂ ಹೋಗಬಹುದು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ದಾಜಿ ಬರಲಿಲ್ಲ. ನನ್ನ ಎದೆ ಬಡಿದುಕೊಳ್ಳತೊಡಗಿತು. ಕಣ್ಣು ಕಾಣದವರನ್ನು ಒಬ್ಬರನ್ನೇ ಕಳಿಸಿದೆಯಲ್ಲ ಅಂತ ಅಕ್ಕ ಏನನ್ನಬಹುದು ಎಂಬುದು ನನಗೆ ಅಕ್ಷರಶಃ ಕೇಳಿಸಿತು. ಚಪ್ಪಲಿ ಮೆಟ್ಟಿ ಓಡಿದೆ.

ಗಿರಣಿ ಗಡಗಡ ನಡೆದಿತ್ತು. ಜೋಳದ ಚೀಲಗಳಿಗೆ ಒರಗಿ, ಬಾಯಿ ತೆರೆದು, ದಾಜಿ ಗಾಢನಿದ್ರೆಯಲ್ಲಿದ್ದರು. ಮೀಸೆ, ಹುಬ್ಬು, ಟೋಪಿ ಎಲ್ಲ ಹಿಟ್ಟಾಗಿತ್ತು.

ಗಿರಣಿಯವನು ನನ್ನ ಕಿವಿಯ ಹತ್ತಿರ ಬಂದು ಕೂಗಿದ: "ಇವರು ನಿಮ್ಮವರೇನ್ರಿ ಬಾಯಾರ? ಬಂದ್ರು, 'ಆಹಾ' ಅಂದ್ರು, ಮಲಗಿದ್ರು. ಬೀಸಾಕ ಬಂದಾರೋ ಮಲಗಾಕ ಬಂದಾರೋ ಗೊತ್ತಾಗವಲ್ದು."

ಮನೆಗೆ ಓಡಿ ಮಷಿನು ತಂದೆ. ಎಬ್ಬಿಸದೆಯೇ ಪಟ್ಟಿ ಸುತ್ತಿದೆ. ನೂರಾ ಮೂವತ್ತಾರು, ಎಂಬತ್ತನಾಲ್ಕು. ಮದುವೆಯಾದ ಮೇಲೆ ದಾಜಿಗೆ ಇಷ್ಟು ಕಡಿಮೆ ಬಂದಿರಲಾರದು.

ಅಲ್ಲಿ ನನಗೆ ವಿಷಯ ತಿಳಿಯಿತು. ನಮಗೆ ಸದ್ದು ಅಂದರೆ ಒತ್ತಡ. ದಾಜಿಗೆ ಸದ್ದು ಅಂದರೆ ಎಲ್ಲವೂ ನಡೆದಿದೆ, ಲೋಕ ಸುಸೂತ್ರ. ಸದ್ದು ನಿಂತಿತು ಅಂದರೆ ಕರೆಂಟು ಹೋಯಿತು, ಎಳೆ ಕಡಿಯಿತು, ಏನೋ ಕೆಟ್ಟಿತು. ಮೂವತ್ತು ವರ್ಷದಲ್ಲಿ ದೇಹ ಇದನ್ನು ಕಲಿತಿತ್ತು. ಆಪರೇಶನ್ ಥಿಯೇಟರಿನ ನಿಶ್ಶಬ್ದಕ್ಕೆ ಬಿಪಿ ಏರಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಅವರಿಗೆ ಹನ್ನೆರಡೂ ಮಗ್ಗ ಒಮ್ಮೆಲೇ ನಿಂತಿದ್ದವು.

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನಿಂತಿತು. ದಾಜಿ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತು, ಗಿರಣಿಯವನ ಕೊರಳಪಟ್ಟಿ ಹಿಡಿದು ಕೇಳಿದರು:

"ಜಾಬರ್ ಎಲ್ಲಿ ಹೋಗ್ಯಾನ?"

ಮೂರನೇ ಸಲ

ಹೋಗಿ ಡಾಕ್ಟರ್ ಮ್ಯಾಡಮ್‌ಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

"ನೀವು ಎಂ.ಎಸ್ಸಿ. ಅಂದಿದ್ರಿ ಅಲ್ಲ?"

"ಹೌದ್ರಿ."

"ಇದನ್ನ ಕಾಲೇಜಿನಾಗ ಕಲಸಬ್ಯಾಡ್ರಿ. ಆತು, ನೋಡೂಣು."

ಮೊದಲು ಪರೀಕ್ಷೆ. ಶೆಡ್ಡಿನ ಸದ್ದನ್ನು ಫೋನಿನಲ್ಲಿ ರೆಕಾರ್ಡು ಮಾಡಿ ತಂದು, ದಾಜಿಯನ್ನು ಮ್ಯಾಡಮ್ ಕೋಣೆಯಲ್ಲಿ ಮಲಗಿಸಿ ಕೇಳಿಸಿದೆವು. ನೂರಾ ಎಪ್ಪತ್ತೆರಡು. ಒಂದು ಅಂಕೆಯೂ ಇಳಿಯಲಿಲ್ಲ.

"ಯಾಕ್ರಿ ದಾಜಿ, ನಿಮ್ಮವs ಮಗ್ಗ ಅಲ್ಲೇನು?"

"ನಮ್ಮವs. ಆದ್ರ ಇದು ನಿನ್ನಿ ಸಪ್ಪಳ. ಇವತ್ತ ನಡದಾವೋ ಇಲ್ಲೋ ಇದರಾಗ ಏನ್ ತಿಳೀತೈತಿ?"

ತರ್ಕದಲ್ಲಿ ತಪ್ಪಿರಲಿಲ್ಲ. ಜಾಬರನಿಗೆ ಫೋನು ಹಚ್ಚಿ, ಅವನ ಫೋನನ್ನು ಶೆಡ್ಡಿನ ಕಿಟಕಿಯ ಕಟ್ಟೆಯ ಮೇಲೆ ಚಾಲೂ ಇಡಲು ಹೇಳಿದೆವು. ಖಟಕ್ ಖಟಕ್ ಅಂತ ಆ ಕ್ಷಣದ ಮಗ್ಗಗಳು ಕೇಳಿಸಿದವು. ಹತ್ತು ನಿಮಿಷಕ್ಕೆ ನೂರಾ ನಲವತ್ತಾರು. ಮ್ಯಾಡಮ್ ಒಮ್ಮೆ ನನ್ನನ್ನು ನೋಡಿ, ತಾರೀಖು ಬರೆದರು. ಅವರು ಹೇಳಿದ್ದ ಎರಡು ತಿಂಗಳು ಮುಗಿಯಲು ಐದು ದಿನ ಇತ್ತು.

ಆ ದಿನ ಅಕ್ಕ ಮತ್ತು ನಾನು ಇಬ್ಬರೇ ಹೋದೆವು. ಉಳಿದವರಿಗೆಲ್ಲ ಒಂದು ದಿನ ಮುಂದಿನ ತಾರೀಖು ಹೇಳಿದ್ದೆ. ಒತ್ತಡ ನಿರ್ವಹಣೆಯಲ್ಲಿ ನನ್ನ ಸ್ವಂತ ಕೊಡುಗೆ ಅಂತ ಇದ್ದರೆ ಅದು ಇದೊಂದೇ.

ಫೋನು ನೋಡಿಕೊಳ್ಳಲು ಒಬ್ಬರು ಬೇಕು ಅಂತ ನನಗೂ ಗೌನು ಹಾಕಿಸಿ ಮೂಲೆಯಲ್ಲಿ ನಿಲ್ಲಿಸಿದರು. ಜಾಬರನಿಗೆ ಹಚ್ಚಿದ್ದ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಸಲಾಯಿನ್ ಕಂಬಕ್ಕೆ ತೂಗುಹಾಕಿದರು. ದಾಜಿಯ ಕಣ್ಣಿಗೆ ಮರಗಟ್ಟಿಸುವ ಹನಿ ಬಿತ್ತು. ಮುಖದ ಮೇಲೆ, ಕಣ್ಣಿನಷ್ಟು ತೂತಿದ್ದ ಹಸಿರು ಬಟ್ಟೆ ಹಾಸಿದರು. ತೂತಿದ್ದ ಬಟ್ಟೆಯನ್ನು ದಾಜಿ ತಕರಾರಿಲ್ಲದೆ ಒಪ್ಪಿಕೊಂಡದ್ದು ಅಂದೇ ಇರಬೇಕು.

"ಮಾತಾಡಬ್ಯಾಡ್ರಿ, ಅಳ್ಳಾಡಬ್ಯಾಡ್ರಿ," ಅಂದರು ಮ್ಯಾಡಮ್.

ಸಿಸ್ಟರ್ ಹೇಳಿದರು: "ನೂರಾ ನಲವತ್ತನಾಲ್ಕು, ಎಂಬತ್ತಾರು."

ಕೆಲಸ ಶುರುವಾಯಿತು. ಖಟಕ್ ಖಟಕ್. ಐದು ನಿಮಿಷ ಎಲ್ಲ ಚೆನ್ನಾಗಿ ಹೋಯಿತು. ಹಳೆಯ ಪೊರೆ ಹೊರಗೆ ಬಂದಿತ್ತು, ಹೊಸ ಮಸೂರ ಇನ್ನೂ ಒಳಗೆ ಹೋಗಿರಲಿಲ್ಲ. ಅಷ್ಟರಲ್ಲಿ ಮಗ್ಗದ ಸದ್ದಿನ ಮೇಲೆ ಜಾಬರನ ದನಿ ಕೇಳಿಸಿತು. ಅವನೂ ಶೆಡ್ಡಿನ ಗಂಟಲಿನವನೇ. ಕಟ್ಟೆಯ ಮೇಲೆ ತಾನೇ ಚಾಲೂ ಇಟ್ಟ ಫೋನನ್ನು ಮರೆತು, ಅದೇ ಕಿಟಕಿಯಿಂದ ಹೊರಗೆ ಬಗ್ಗಿ ಯಾರಿಗೋ ಕೂಗುತ್ತಿದ್ದ.

"ಏ ಡ್ರೈವರ್, ಟೆಂಪೋ ಹಿಂದಕ ತೊಗೊಳ್ಳೊ. ಆ ತೂತ ಬಿದ್ದ ಆರೂ ತಾಗಾ ಇವತ್ತs ಹಾಕ್ಕೊಂಡು ಹೋಗು. ಮಾಲಕರಿಗೆ ಕಣ್ಣು ಬಂತಂದ್ರ ಒಂದೂ ದಾಟೂದಿಲ್ಲ."

ಥಿಯೇಟರಿನಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಮ್ಯಾಡಮ್ ಕೈ ತಡೆದರು. ಸಿಸ್ಟರ್ ಬಿಪಿ ಪರದೆಯ ಕಡೆ ತಿರುಗಿದರು. ಕಣ್ಣು ತೆರೆದಿಟ್ಟ ಈ ಹೊತ್ತಿನಲ್ಲಿ ಬಿಪಿ ಇನ್ನೂರಕ್ಕೆ ಹೋದರೆ ಏನಾಗುತ್ತದೆ ಅಂತ ಮೊದಲ ದಿನವೇ ಕೇಳಿದ್ದೆ. ನಾನು ಫೋನಿಗೆ ಕೈ ಹಾಕಿದೆ.

ಹಸಿರು ಬಟ್ಟೆಯ ಕೆಳಗಿನಿಂದ ದಾಜಿಯ ದನಿ ಬಂತು. ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿ. ಅವರಲ್ಲಿ ಅಷ್ಟು ಸಣ್ಣ ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ಬಂದ್ ಮಾಡಬ್ಯಾಡ್ರಿ. ಇರ್ಲಿ."

"ಮಾತಾಡಬ್ಯಾಡ್ರಿ ಅಂದೇನಿ," ಅಂದರು ಮ್ಯಾಡಮ್. "ಸಿಸ್ಟರ್, ಎಷ್ಟೈತಿ?"

"ನೂರಾ ಮೂವತ್ತೆರಡು ಮ್ಯಾಡಮ್."

"ಸರಿಯಾಗಿ ನೋಡ್ರಿ."

ಪಟ್ಟಿ ಇನ್ನೊಮ್ಮೆ ಉಬ್ಬಿ ಇಳಿಯಿತು. "ನೂರಾ ಮೂವತ್ತು."

ಶರೀರಶಾಸ್ತ್ರದಲ್ಲಿ ಇದಕ್ಕೆ ವಿವರಣೆ ಇರಬಹುದು. ಕಪ್ಪೆಗಳಲ್ಲಿ ನನಗೆ ಸಿಕ್ಕಿಲ್ಲ. ಇಷ್ಟು ದಿನ, ತಾನಿಲ್ಲದಾಗ ಶೆಡ್ಡಿನಲ್ಲಿ ಏನು ನಡೆಯುತ್ತದೋ ಅಂತ ಆ ಮನುಷ್ಯ ಊಹಿಸಿ ಊಹಿಸಿ ಸವೆದಿದ್ದರು. ಈಗ ಊಹಿಸುವ ಕೆಲಸ ಉಳಿದಿರಲಿಲ್ಲ. ಹಾಯಾಗಿ ಮಲಗಿ ಕೇಳುತ್ತಿದ್ದರು. ಮ್ಯಾಡಮ್ ಮಸೂರ ಕೈಗೆತ್ತಿಕೊಂಡರು.

ಫೋನಿನಲ್ಲಿ ಡ್ರೈವರನ ದನಿ ಕೇಳಿಸಿತು: "ಮಾಲಕರಿಗೆ ಗೊತ್ತಾದ್ರ?"

"ಮಾಲಕರು ಕೊಲ್ಹಾಪುರದಾಗ ಮಲಗ್ಯಾರ," ಅಂದ ಜಾಬರ್. "ಅವರಿಗೆ ಇಲ್ಲಿದು ಏನ್ ಕೇಳಸ್ತೈತಿ? ಹ್ವಾದ ತಿಂಗಳ ನಾವು ಏನ್ ಮಾಡಿದ್ವಿ ಅದು ಗೊತ್ತಾತೇನು? ಅದೂ ಹಿಂಗs, ರವಿವಾರ ಅವರು ನಗಾಕ ಹೋದಾಗ..."

"ಮುಗೀತು," ಅಂದರು ಮ್ಯಾಡಮ್. ಸಿಸ್ಟರ್ ಕೈ ಚಾಚಿ ಫೋನು ಬಂದ್ ಮಾಡಿದರು.

ಕಣ್ಣಿಗೆ ಪಟ್ಟಿ ಕಟ್ಟಿ ದಾಜಿಯನ್ನು ಕೂರಿಸಿದರು. ಮ್ಯಾಡಮ್ ಮಾಸ್ಕ್ ತೆಗೆದು ಹಣೆ ಒರೆಸಿಕೊಂಡರು. "ಚಲೋ ಆತ್ರಿ. ನಾಳಿ ಪಟ್ಟಿ ಬಿಚ್ಚಿದ್ರ ಎಲ್ಲಾ ನಿಚ್ಚಳ ಕಾಣಸ್ತೈತಿ. ಇನ್ನ ಎಡಗಣ್ಣಿಗೆ ಅವಸರಿಲ್ಲ. ನಿಮ್ಮ ಬಿಪಿದು ಭಾಳ ಕಾಡ್ತೈತಿ, ಆರು ತಿಂಗಳ ಬಿಟ್ಟು ಮಾಡೂಣು."

"ಆರು ತಿಂಗಳೇನ್ರಿ ಮ್ಯಾಡಮ್," ಅಂದರು ದಾಜಿ. "ಬರೂ ಸೋಮವಾರ ಮಾಡಿಬಿಡ್ರಿ. ಅಂವಂದು ಮಾತು ಅರ್ಧಕ್ಕ ಉಳದೈತಿ."